ಕಿವಿಗೆ ಮಿಷನ್ ಹಾಕಿದವರ ಕೈಗೆ ಗಟ್ಟಿ ಫೋನ್ ಕೊಡುವ ಮುನ್ನ

ದುಬೈಯಿಂದ ರಜೆಗೆ ಬಂದ ನನ್ನ ತಮ್ಮ ಬಾಪನಿಗೆಂದು ಒಂದು ಫೋನ್ ತಂದಿದ್ದ. ನಾಲ್ಕೂ ಮೂಲೆಗೆ ದಪ್ಪ ರಬ್ಬರು, ಕೈಯಲ್ಲಿ ಹಿಡಿದರೆ ಸಣ್ಣ ಇಟ್ಟಿಗೆಯಷ್ಟು ಭಾರ. ಬಿದ್ದರೆ ಒಡೆಯುವುದಿಲ್ಲ, ನೀರಿಗೆ ಹಾಕಿದರೆ ಕೆಡುವುದಿಲ್ಲ, ಒಮ್ಮೆ ಚಾರ್ಜ್ ಮಾಡಿದರೆ ಮೂರು ದಿನ. ದಕ್ಕೆಯಲ್ಲಿ, ಬೋಟಿನಲ್ಲಿ ಓಡಾಡುವ ಬಾಪನಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಎಂದು ನಮಗೆಲ್ಲ ಅನಿಸಿತ್ತು. ಆದರೆ ಮೂವತ್ತು ವರ್ಷ ಬೋಟಿನ ಇಂಜಿನ್ ಪಕ್ಕದಲ್ಲೇ ಕೆಲಸ ಮಾಡಿದ ಬಾಪನ ಎರಡೂ ಕಿವಿ ಮಂದ. ಕಿವಿಯ ಹಿಂದೆ ಮಿಷನ್ ಹಾಕಲು ಶುರು ಮಾಡಿ ಎರಡು ವರ್ಷವಾಗಿತ್ತು. ಫೋನ್ ಕಿವಿಗೆ ಇಟ್ಟ ಕೂಡಲೇ "ಝೀ" ಎಂಬ ಸದ್ದು, ಅದರ ಹಿಂದೆ ಎಲ್ಲೋ ಮಗನ ದನಿ. ಮೊದಮೊದಲು ಮಿಷನ್ ತೆಗೆದಿಟ್ಟು ಕೂಗಿ ಮಾತಾಡುತ್ತಿದ್ದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ವಯಸ್ಸಾಯಿತು, ಹಟ ಹೆಚ್ಚಾಯಿತು ಎಂದು ನಾವು ಮಾತಾಡಿಕೊಂಡೆವು.

ಅದೇ ಹೊತ್ತಿಗೆ ಮನೆಯಲ್ಲಿ ಚರ್ಚೆ ನಡೆಯುತ್ತಿದ್ದುದು ಬೇರೆಯೇ. ಇಷ್ಟು ದೊಡ್ಡ ಫೋನ್, ಇಷ್ಟು ದೊಡ್ಡ ಬ್ಯಾಟರಿ, ರೇಡಿಯೇಶನ್ ಎಷ್ಟಿರಬಹುದು? ವಾಟ್ಸಾಪ್‌ನಲ್ಲಿ ಬಂದ ಸಂದೇಶ ನೋಡಿ ಉಮ್ಮ ಹೆದರಿದರು. ಪೇಟೆಯ ಒಂದು ಅಂಗಡಿಯಿಂದ ರೇಡಿಯೇಶನ್ ತಡೆಯುವ ಚಿನ್ನದ ಬಣ್ಣದ ಸ್ಟಿಕ್ಕರ್ ತಂದು ಅಂಟಿಸಿದೆವು. ಬಾಪನಿಗೆ ಕೇಳಿಸದ್ದು ಕೇಳಿಸದ ಹಾಗೆಯೇ ಉಳಿಯಿತು.

ಕೊನೆಗೆ ಶ್ರವಣ ತಜ್ಞೆಯೊಬ್ಬರ ಬಳಿ ಹೋದಾಗ ಅವರು ಮಿಷನ್ ಪರೀಕ್ಷಿಸುವ ಮೊದಲು ಒಂದೇ ಮಾತು ಹೇಳಿದರು: "ಫೋನ್ ಹೇಗೆ ಹಿಡಿಯುತ್ತೀರಿ, ತೋರಿಸಿ." ಬಾಪ ಎಲ್ಲರ ಹಾಗೆ ಕಿವಿಯ ತೂತಿಗೆ ಒತ್ತಿ ಹಿಡಿದರು. ಅವರು ಫೋನನ್ನು ಎರಡು ಬೆರಳಷ್ಟು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಸರಿಸಿ, ಕಿವಿಗೆ ಮುಟ್ಟದಂತೆ ಇಟ್ಟರು. ಹೊರಗೆ ಹೋಗಿ ನಾನು ಕಾಲ್ ಮಾಡಿದೆ. ಬಾಪನಿಗೆ ಕೇಳಿಸಿತು.

ನಿಮ್ಮ ಮನೆಯಲ್ಲೂ ಮಿಷನ್ ಹಾಕಿದ ಹಿರಿಯರು ಇದ್ದರೆ, ಅವರು ಫೋನಿನಿಂದ ದೂರ ಸರಿಯುತ್ತಿದ್ದರೆ, ಉಳಿದದ್ದನ್ನು ಓದುವ ಮೊದಲು ಇದೊಂದನ್ನು ಇವತ್ತೇ ಮಾಡಿ ನೋಡಿ. ಕಿವಿಯ ಹಿಂದೆ ಕೂರುವ ಶ್ರವಣ ಸಾಧನದ ಮೈಕ್ ಇರುವುದು ಕಿವಿಯ ತೂತಿನಲ್ಲಿ ಅಲ್ಲ, ಕಿವಿಯ ಮೇಲ್ತುದಿಯಲ್ಲಿ. ಫೋನಿನ ಸ್ಪೀಕರನ್ನು ತೂತಿಗೆ ಒತ್ತಿದರೆ ದನಿ ಮೈಕಿಗೆ ತಲುಪುವುದೇ ಇಲ್ಲ, ಕಿವಿ ಮುಚ್ಚಿದಂತಾಗಿ ಮಿಷನ್ ಸಿಳ್ಳೆ ಹಾಕುತ್ತದೆ. ಸ್ಪೀಕರ್ ಮೈಕಿನ ಎದುರಿಗೆ ಬರಬೇಕು, ಸುಮಾರು ಒಂದು ಸೆಂಟಿಮೀಟರ್ ಅಂತರ ಇರಬೇಕು. ದಪ್ಪ ರಬ್ಬರಿನ ಫೋನುಗಳಲ್ಲಿ ಸ್ಪೀಕರಿನ ಸಣ್ಣ ತೂತು ಅಂಚಿನ ಒಳಗೆ ಹುದುಗಿರುತ್ತದೆ. ಅದು ನಿಖರವಾಗಿ ಎಲ್ಲಿದೆ ಎಂದು ಹಿರಿಯರ ಬೆರಳು ಹಿಡಿದು ತೋರಿಸಿಕೊಡಿ.

ಆ "ಝೀ" ಸದ್ದು ಎಲ್ಲಿಂದ ಬರುತ್ತದೆ?

ಮಸೀದಿಯಲ್ಲಿ ಮೈಕಿನ ಹತ್ತಿರ ಯಾರದೋ ಫೋನ್ ಇದ್ದಾಗ, ರಿಂಗ್ ಆಗುವ ಮೊದಲೇ ಸ್ಪೀಕರಿನಲ್ಲಿ "ಟಿಕ್ ಟಿಟಿಟಿಕ್" ಎಂಬ ಸದ್ದು ಬರುವುದನ್ನು ನೀವು ಕೇಳಿರುತ್ತೀರಿ. ಶ್ರವಣ ಸಾಧನದೊಳಗೆ ಆಗುವುದೂ ಅದೇ. 2ಜಿ ಫೋನ್ ತನ್ನ ರೇಡಿಯೋ ತರಂಗವನ್ನು ಒಂದೇ ಸಮನೆ ಕಳುಹಿಸುವುದಿಲ್ಲ, ಸೆಕೆಂಡಿಗೆ ಸುಮಾರು 217 ಬಾರಿ ತುಂಡುತುಂಡಾಗಿ ಕಳುಹಿಸುತ್ತದೆ. ಸಾಧನದ ಒಳಗಿನ ಸೂಕ್ಷ್ಮ ತಂತಿಗಳು ಆ ಮಿಡಿತವನ್ನು ಹಿಡಿದು ಸದ್ದಾಗಿ ಮಾರ್ಪಡಿಸುತ್ತವೆ. 4ಜಿಯಲ್ಲಿ ಈ ತೊಂದರೆ ಬಹಳ ಕಡಿಮೆ. ನಮ್ಮಲ್ಲಿ ಇನ್ನೂ ಎಷ್ಟೋ ಫೋನುಗಳು ಇಂಟರ್‌ನೆಟ್‌ಗೆ 4ಜಿ ಬಳಸಿ, ಮಾತಾಡುವಾಗ ಮಾತ್ರ 2ಜಿಗೆ ಇಳಿಯುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿಭಾಗಕ್ಕೆ ಹೋಗಿ ವೋಲ್ಟಿ ಕಾಲ್ ಎಂಬುದು ಆನ್ ಆಗಿದೆಯೇ ನೋಡಿ. ಬಾಪನ ಫೋನಿನಲ್ಲಿ ಅದು ಆಫ್ ಇತ್ತು! ಆನ್ ಮಾಡಿದ ಮೇಲೆ ಆ ಸದ್ದು ಹೆಚ್ಚುಕಡಿಮೆ ನಿಂತೇ ಹೋಯಿತು.

ಹೊಸ ಫೋನ್ ಕೊಳ್ಳುವುದಿದ್ದರೆ ಇನ್ನೊಂದು ವಿಷಯ ತಿಳಿದಿರಲಿ. ಶ್ರವಣ ಸಾಧನದ ಜೊತೆ ಫೋನ್ ಎಷ್ಟು ಹೊಂದುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಹಿಂದೆ ಒಂದು ಅಂಕ ಪದ್ಧತಿ ಬಳಕೆಯಲ್ಲಿತ್ತು. ಆಗಿನ ಫೋನುಗಳಲ್ಲಿ ಎಂ3, ಎಂ4, ಟಿ3, ಟಿ4 ಎಂದು ಪೆಟ್ಟಿಗೆಯ ಮೇಲೋ ಕೈಪಿಡಿಯಲ್ಲೋ ಬರೆದಿರುತ್ತಿತ್ತು. 'ಎಂ' ಎಂದರೆ ಮೈಕಿನ ಮೂಲಕ ಕೇಳುವಾಗಿನ ಹೊಂದಾಣಿಕೆ. 'ಟಿ' ಎಂದರೆ ಟೆಲಿಕಾಯಿಲ್ ಮೂಲಕ ಕೇಳುವಾಗಿನದ್ದು. 3 ಇದ್ದರೆ ಚೆನ್ನ, 4 ಇದ್ದರೆ ಇನ್ನೂ ಚೆನ್ನ. ಶ್ರವಣ ಸಾಧನಕ್ಕೂ ಇಂಥದೇ ಅಂಕ ಇರುತ್ತದೆ. ಎರಡನ್ನೂ ಕೂಡಿಸಿದಾಗ 4 ಬಂದರೆ ಹೇಗೋ ನಡೆಯುತ್ತದೆ, 5 ಬಂದರೆ ದಿನನಿತ್ಯದ ಬಳಕೆಗೆ ಸಾಕು, 6 ಅಥವಾ ಹೆಚ್ಚು ಬಂದರೆ ತುಂಬ ಒಳ್ಳೆಯದು. ಬಿಲ್ಡಿಂಗ್ ಕೆಲಸ, ಬೋಟ್ ಕೆಲಸದವರಿಗಾಗಿ ಮಾಡಿದ ಗಟ್ಟಿ ಫೋನುಗಳಲ್ಲಿ ಕೆಲವಕ್ಕೆ ಮಾತ್ರ ಈ ಅಂಕ ಇರುತ್ತದೆ, ಬಹಳಷ್ಟಕ್ಕೆ ಇರುವುದಿಲ್ಲ. ಅಂಕ ಇಲ್ಲದಿದ್ದರೆ ಫೋನ್ ಕೆಟ್ಟದ್ದು ಎಂದಲ್ಲ, ಹಿರಿಯರನ್ನೇ ಕರೆದುಕೊಂಡು ಹೋಗಿ ಅಂಗಡಿಯಲ್ಲಿ ಒಂದು ಕಾಲ್ ಮಾಡಿ ನೋಡದೆ ತರಬೇಡಿ ಎಂದರ್ಥ. ಉಡುಗೊರೆ ಎಂದು ಪೆಟ್ಟಿಗೆ ಕಟ್ಟಿ ತರುವ ನಮ್ಮ ಗಲ್ಫ್ ಪದ್ಧತಿಗೆ ಇದು ಸ್ವಲ್ಪ ಕಷ್ಟವೇ!

ಟೆಲಿಕಾಯಿಲ್ ಎಂದೆನಲ್ಲ, ಅದು ಅನೇಕ ಸಾಧನಗಳೊಳಗೆ ಇರುವ ಸಣ್ಣ ತಂತಿಯ ಸುರುಳಿ. ಫೋನಿನ ಸ್ಪೀಕರಿನ ಕಾಂತಕ್ಷೇತ್ರವನ್ನು ಅದು ನೇರವಾಗಿ ಹಿಡಿಯುತ್ತದೆ. ಆಗ ಸುತ್ತಲಿನ ಗದ್ದಲ ಕೇಳಿಸುವುದಿಲ್ಲ, ಫೋನಿನ ಮಾತು ಮಾತ್ರ ಕೇಳಿಸುತ್ತದೆ. ಸಾಧನವನ್ನು 'ಟಿ'ಗೆ ತಿರುಗಿಸಿ, ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಶ್ರವಣ ಸಾಧನದ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಬೇಕು. ಮಾತು ಮುಗಿದ ಮೇಲೆ ಮತ್ತೆ 'ಎಂ'ಗೆ ತಿರುಗಿಸಲು ಮರೆತರೆ ಮನೆಯವರು ಕರೆದರೂ ಕೇಳಿಸುವುದಿಲ್ಲ, ಹಿಂದಿನಿಂದ ಬರುವ ಬೈಕಿನ ಹಾರ್ನ್ ಕೂಡ ಕೇಳಿಸುವುದಿಲ್ಲ.

ಬ್ಲೂಟೂತ್ ಇರುವ ಹೊಸ ಸಾಧನಗಳಲ್ಲಿ ಮಾತು ನೇರವಾಗಿ ಎರಡೂ ಕಿವಿಗೆ ಬರುತ್ತದೆ. ಬೆಲೆ ಹೆಚ್ಚು, ಎಲ್ಲ ಆಂಡ್ರಾಯ್ಡ್ ಫೋನುಗಳೂ ಅವುಗಳ ಜೊತೆ ಕೂಡಿಕೊಳ್ಳುವುದಿಲ್ಲ. ಸಾಧನ ಮಾಡಿದ ಕಂಪೆನಿಯ ಪಟ್ಟಿಯಲ್ಲಿ ನಿಮ್ಮ ಫೋನಿನ ಹೆಸರು ಇದೆಯೇ ಎಂದು ಮೊದಲೇ ಕೇಳಿ. ಇದೇನೂ ಆಗದಿದ್ದರೆ ಲೌಡ್ ಸ್ಪೀಕರ್ ಇದ್ದೇ ಇದೆ. ಫೋನನ್ನು ಮೇಜಿನ ಮೇಲೆ ಇಟ್ಟು, ಒಂದು ಮೊಳ ದೂರದಲ್ಲಿ ಕೂತು, ಫ್ಯಾನ್ ಮತ್ತು ಟಿವಿ ಆಫ್ ಮಾಡಿ ಮಾತಾಡಲಿ. ಗಟ್ಟಿ ಫೋನುಗಳ ಸ್ಪೀಕರ್ ಜೋರಾಗಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಿಡಿಯೋ ಕಾಲ್ ಆದರೆ ತುಟಿಯ ಚಲನೆ ನೋಡಿ ಅರ್ಧ ಮಾತು ಅರ್ಥ ಮಾಡಿಕೊಳ್ಳುತ್ತಾರೆ. ತಮ್ಮ ಈಗ ವಾರಕ್ಕೆ ಎರಡು ಬಾರಿ ಬೋಟಿಮ್‌ನಲ್ಲಿ ಮುಖ ತೋರಿಸಿಯೇ ಮಾತಾಡುತ್ತಾನೆ. ಮನೆಯ ಗುಟ್ಟು ಅಕ್ಕಪಕ್ಕಕ್ಕೆಲ್ಲ ಕೇಳಿಸುತ್ತದೆ ಎಂದು ಉಮ್ಮನ ದೂರು ಇದೆ, ಅದಕ್ಕೆ ಕಿಟಕಿ ಮುಚ್ಚುವುದೊಂದೇ ದಾರಿ.

ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಕೇಳಿಸದವರು ಮಾತು ಕಡಿಮೆ ಮಾಡುತ್ತಾರೆ, ಆಮೇಲೆ ಜನರ ನಡುವೆ ಹೋಗುವುದನ್ನು ಕಡಿಮೆ ಮಾಡುತ್ತಾರೆ. ಮರೆಗುಳಿ ರೋಗದ ಬಗ್ಗೆ ಲಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಮಂಡಳಿ 2020 ಮತ್ತು 2024ರಲ್ಲಿ ಕೊಟ್ಟ ವರದಿಗಳು, ನಾವು ಸರಿಪಡಿಸಿಕೊಳ್ಳಬಹುದಾದ ಅಪಾಯದ ಅಂಶಗಳಲ್ಲಿ ಶ್ರವಣ ದೋಷಕ್ಕೆ ಮುಂಚೂಣಿಯ ಸ್ಥಾನ ಕೊಟ್ಟಿವೆ.

ರೇಡಿಯೇಶನ್ ಭಯ

ಈಗ ಉಮ್ಮನ ಪ್ರಶ್ನೆಗೆ ಬರೋಣ. ರೇಡಿಯೇಶನ್ ಎಂಬ ಶಬ್ದ ಕೇಳಿದರೆ ನಮಗೆ ಎಕ್ಸ್‌ರೇ, ಅಣುಬಾಂಬು ನೆನಪಾಗುತ್ತದೆ. ಫೋನಿನಿಂದ ಹೊರಡುವುದು ರೇಡಿಯೋ ತರಂಗ. ಎಕ್ಸ್‌ರೇಗೆ ಇರುವಂತೆ ಜೀವಕೋಶದ ಅಣುಗಳನ್ನು ಒಡೆಯುವ ಶಕ್ತಿ ಅದಕ್ಕೆ ಇಲ್ಲ. ಅದು ಮಾಡುವುದು ತುಸು ಬಿಸಿ. ಆ ಬಿಸಿಯೂ ನಮಗೆ ಗೊತ್ತಾಗದಷ್ಟು ಸಣ್ಣದು. ಬಹಳ ಹೊತ್ತು ಮಾತಾಡಿದಾಗ ಕಿವಿ ಬೆಚ್ಚಗಾಗುವುದು ಹೆಚ್ಚಾಗಿ ಬ್ಯಾಟರಿಯ ಬಿಸಿಯಿಂದ, ಗಾಳಿಯಾಡದೆ ಇರುವುದರಿಂದ.

ದೇಹ ಎಷ್ಟು ತರಂಗಶಕ್ತಿ ಹೀರಿಕೊಳ್ಳುತ್ತದೆ ಎಂಬ ಅಳತೆಗೆ ಸಾರ್ ಎನ್ನುತ್ತಾರೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಇದರ ಮಿತಿ ಕಿಲೋಗ್ರಾಮಿಗೆ 1.6 ವಾಟ್, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ. ಫೋನಿನ ಡಯಲರ್‌ನಲ್ಲಿ *#07# ಒತ್ತಿದರೆ ಹೆಚ್ಚಿನ ಫೋನುಗಳು ತಮ್ಮ ಅಂಕಿಯನ್ನು ತೋರಿಸುತ್ತವೆ. ಯುರೋಪಿನ ಮಿತಿ 2 ವಾಟ್, ಆದರೆ ಅದು ಹತ್ತು ಗ್ರಾಂ ಸರಾಸರಿಯ ಲೆಕ್ಕ. ಆದ್ದರಿಂದ ಹೊರದೇಶದಿಂದ ತಂದ ಫೋನಿನ ಅಂಕಿಯನ್ನು ಇಲ್ಲಿನ ಫೋನಿನ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಬೇಡಿ. ಇನ್ನೊಂದು ಮಾತು, ಈ ಅಂಕಿಯನ್ನು ಫೋನ್ ತನ್ನ ಪೂರ್ತಿ ಶಕ್ತಿಯಲ್ಲಿ ಕೆಲಸ ಮಾಡುವಾಗ ಅಳೆಯುತ್ತಾರೆ. ದಿನನಿತ್ಯದ ಬಳಕೆಯಲ್ಲಿ ಅಷ್ಟು ಬರುವುದು ಅಪರೂಪ. ಫೋನ್ ದಪ್ಪಗಿದೆ, ಬ್ಯಾಟರಿ ದೊಡ್ಡದಿದೆ ಎಂದು ತರಂಗ ಹೆಚ್ಚಾಗುವುದಿಲ್ಲ. ಬ್ಯಾಟರಿ ಎಂದರೆ ನೀರಿನ ಟಾಂಕಿಯ ಹಾಗೆ, ಟಾಂಕಿ ದೊಡ್ಡದಾದರೆ ನಳ್ಳಿಯಲ್ಲಿ ನೀರು ಹೆಚ್ಚು ದಿನ ಬರುತ್ತದೆ ಅಷ್ಟೇ.

ಕ್ಯಾನ್ಸರ್ ಬರುತ್ತದೆಯೇ? 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರೇಡಿಯೋ ತರಂಗವನ್ನು "ಬಹುಶಃ ಇರಬಹುದು, ಸಾಬೀತಾಗಿಲ್ಲ" ಎಂಬ ಗುಂಪಿಗೆ ಸೇರಿಸಿತು. ವಾಟ್ಸಾಪ್ ಸಂದೇಶಗಳು ಹಿಡಿದುಕೊಂಡಿರುವುದು ಇದನ್ನೇ. ಅದೇ ಗುಂಪಿನಲ್ಲಿ ಏಷ್ಯಾದ ಸಾಂಪ್ರದಾಯಿಕ ರೀತಿಯಲ್ಲಿ ಉಪ್ಪು ಹಾಕಿ ಹುಳಿಸಿದ ತರಕಾರಿಯೂ ಇದೆ ಎಂಬುದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಆಮೇಲೆ ಬಂದ ಅಧ್ಯಯನಗಳು ಸಮಾಧಾನ ಕೊಡುವಂತಿವೆ. ಬ್ರಿಟನ್ನಿನಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಳ ಕಾಲ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊಬೈಲ್ ಬಳಸುವವರಿಗೂ ಬಳಸದವರಿಗೂ ಮೆದುಳಿನ ಗಡ್ಡೆಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ, 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿ 2024ರಲ್ಲಿ ಹೊರಬಂತು. ಹತ್ತು ವರ್ಷಕ್ಕೂ ಮೇಲ್ಪಟ್ಟು ಬಳಸಿದವರಲ್ಲೂ ಮೆದುಳಿನ ಕ್ಯಾನ್ಸರಿಗೆ ಸಂಬಂಧ ಕಾಣಲಿಲ್ಲ ಎಂಬುದೇ ಅದರ ತೀರ್ಮಾನ.

ಆದರೂ ಸುಮ್ಮನೆ ಹೆಚ್ಚು ತರಂಗ ಯಾಕೆ ತಲೆಗೆ ತಾಗಿಸಿಕೊಳ್ಳಬೇಕು ಎನ್ನುವವರಿಗೆ ಉಪಾಯ ಬಹಳ ಸರಳ: ದೂರ. ಕಿವಿಯಿಂದ ಒಂದು ಮೊಳ ದೂರ ಹೋದರೆ ತರಂಗದ ಬಲ ತೀರಾ ಕಡಿಮೆಯಾಗಿಬಿಡುತ್ತದೆ. ಶ್ರವಣ ಸಾಧನ ಇರುವವರಿಗೆ ನಾನು ಹೇಳಿದ ಲೌಡ್ ಸ್ಪೀಕರ್ ಉಪಾಯವೇ ಇಲ್ಲಿಯೂ ಸಾಕು. ಸಿಗ್ನಲ್ ಒಂದೇ ಕಡ್ಡಿ ಇರುವಲ್ಲಿ, ಲಿಫ್ಟಿನಲ್ಲಿ, ಘಾಟಿ ಇಳಿಯುವ ಬಸ್ಸಿನಲ್ಲಿ ಫೋನ್ ಟವರನ್ನು ಹುಡುಕುತ್ತ ಹೆಚ್ಚು ಶಕ್ತಿ ಬಳಸುತ್ತದೆ. ಉದ್ದದ ಮಾತನ್ನು ಅಂಥಲ್ಲಿ ಬೇಡ. ಇನ್ನು ಆ ಸ್ಟಿಕ್ಕರ್. ಅಮೆರಿಕದ ಗ್ರಾಹಕ ರಕ್ಷಣೆಯ ಸರಕಾರಿ ಆಯೋಗ 2002ರಲ್ಲೇ ಇಂಥ ತಡೆಪಟ್ಟಿ ಮಾರುತ್ತಿದ್ದ ಎರಡು ಕಂಪೆನಿಗಳ ಮೇಲೆ ಸುಳ್ಳು ಜಾಹೀರಾತಿನ ಆರೋಪ ಹೊರಿಸಿತ್ತು. ಇವು ತರಂಗವನ್ನು ತಡೆಯುವುದಿಲ್ಲ. ಆಂಟೆನಾಕ್ಕೆ ಅಡ್ಡ ಬಂದರೆ ಫೋನ್ ಇನ್ನೂ ಹೆಚ್ಚು ಶಕ್ತಿ ಹಾಕಬೇಕಾಗಿ ಬರಬಹುದು. ನಮ್ಮ ಸ್ಟಿಕ್ಕರನ್ನು ಕಿತ್ತು ಬಿಸಾಡಿದ್ದೇವೆ.

ಗಟ್ಟಿ ಎಂದರೆ ಎಷ್ಟು ಗಟ್ಟಿ?

ನಿಜಕ್ಕೂ ಹೆದರಬೇಕಾದದ್ದು ಬ್ಯಾಟರಿಗೆ. ಸಾಮಾನ್ಯ ಫೋನಿನಲ್ಲಿ 5,000 ಮಿಲಿಆಂಪ್ ಇದ್ದರೆ ಇವುಗಳಲ್ಲಿ 10,000ವೂ ಇರುತ್ತದೆ. ಹೊರಗಿನ ರಬ್ಬರು ಏನೂ ಆಗದಂತೆ ಉಳಿದರೂ ಮೇಲಿಂದ ಮೇಲೆ ಬಿದ್ದಾಗ ಒಳಗಿನ ಬ್ಯಾಟರಿಗೆ ಪೆಟ್ಟು ತಾಗಿರಬಹುದು. ಫೋನಿನ ಬೆನ್ನು ಉಬ್ಬಿದ್ದರೆ, ಪರದೆ ಒಂದು ಕಡೆ ಎದ್ದಿದ್ದರೆ, ಸಿಹಿಯಾದ ವಿಚಿತ್ರ ವಾಸನೆ ಬಂದರೆ, ಸುಮ್ಮನಿದ್ದಾಗಲೂ ಬಿಸಿಯಾದರೆ ಆ ಕ್ಷಣವೇ ಚಾರ್ಜರ್ ತೆಗೆಯಿರಿ, ಮತ್ತೆ ಹಾಕಬೇಡಿ. ಚುಚ್ಚುವುದು, ಒತ್ತುವುದು ಮಾಡಬಾರದು. ದಿಂಬಿನ ಅಡಿಯಲ್ಲಿ, ಹಾಸಿಗೆಯ ಮೇಲೆ ರಾತ್ರಿಯಿಡೀ ಚಾರ್ಜಿಗೆ ಹಾಕುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ ಇದೆ. ರಂಝಾನಿನಲ್ಲಿ ಸಹ್ರಿಯ ಅಲಾರಂ ಬೇಕೆಂದು ಇನ್ನೂ ಹೆಚ್ಚು. ಕಪಾಟಿನ ಮೇಲೋ ನೆಲದ ಮೇಲೋ ಇಡಿ, ಅಲಾರಂ ಅಲ್ಲಿಂದಲೂ ಕೇಳುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗುವುದೂ ಬೇಡ.

ಐಪಿ68 ಎಂದರೆ ಧೂಳು ಒಳಗೆ ಹೋಗುವುದಿಲ್ಲ, ಕಂಪೆನಿ ಹೇಳಿದ ಆಳದಲ್ಲಿ, ಸಾಮಾನ್ಯವಾಗಿ ಒಂದೂವರೆ ಮೀಟರ್ ನೀರಿನಲ್ಲಿ ಅರ್ಧ ಗಂಟೆ, ತಡೆದುಕೊಳ್ಳುತ್ತದೆ ಎಂದರ್ಥ. ಅದು ಶುದ್ಧ ನೀರಿನ ಪರೀಕ್ಷೆ. ಸಮುದ್ರದ ಉಪ್ಪುನೀರು ಬೇರೆ. ಬೋಟಿನಲ್ಲಿ ನೀರು ತಾಗಿದರೆ ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆದು, ಚಾರ್ಜಿಂಗ್ ತೂತು ಪೂರ್ತಿ ಒಣಗಿದ ಮೇಲೆಯೇ ಚಾರ್ಜಿಗೆ ಹಾಕಬೇಕು. ತೂತಿನ ರಬ್ಬರ್ ಮುಚ್ಚಳ ಹರಿದಿದ್ದರೆ, ಅಥವಾ ಫೋನನ್ನು ಒಮ್ಮೆ ಬಿಚ್ಚಿ ರಿಪೇರಿ ಮಾಡಿಸಿದ್ದರೆ ನೀರು ತಡೆಯುವ ಮಾತನ್ನು ಮರೆತುಬಿಡಿ. ಬೀಳಿಸುವ ಪರೀಕ್ಷೆಯೂ ಹಾಗೆಯೇ. ಅಮೆರಿಕದ ಸೇನೆಯ ಆ ಪ್ರಸಿದ್ಧ ಪರೀಕ್ಷೆಯಲ್ಲಿ 1.22 ಮೀಟರ್ ಎತ್ತರದಿಂದ ಬೀಳಿಸುವುದು ಪ್ಲೈವುಡ್ ಮೇಲೆ, ನಮ್ಮ ಸಿಮೆಂಟು ಮೆಟ್ಟಿಲಿನ ಮೇಲಲ್ಲ.

ಗಲ್ಫಿನ ತೈಲ ಘಟಕ, ಗ್ಯಾಸ್ ಘಟಕಗಳಲ್ಲಿ ದುಡಿಯುವ ಸಹೋದರರು ಇದನ್ನು ಗಮನಿಸಬೇಕು: ಗಟ್ಟಿ ಫೋನ್ ಬೇರೆ, ಕಿಡಿ ಹಾರದಂತೆ ಮಾಡಿದ ಫೋನ್ ಬೇರೆ. ಎರಡನೆಯದಕ್ಕೆ ಎಟೆಕ್ಸ್ ಅಥವಾ ಅಂಥ ಪ್ರತ್ಯೇಕ ಪ್ರಮಾಣಪತ್ರ ಬೇಕು. ಅದಿಲ್ಲದ್ದನ್ನು ಒಳಗೆ ಒಯ್ಯಬಾರದು.

ಇನ್ನು ಸದ್ದು. ಈ ಫೋನುಗಳ ಹಿಂಬದಿಯ ಸ್ಪೀಕರ್ 100 ಡೆಸಿಬೆಲ್ ಎಂದು ಕೆಲವರು ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90ನ್ನು 4 ಗಂಟೆ, 100ನ್ನು ಇಡೀ ವಾರಕ್ಕೆ ಸುಮಾರು 20 ನಿಮಿಷ ಮಾತ್ರ. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 40 ಗಂಟೆಗೆ 75 ಡೆಸಿಬೆಲ್. ಮೊಮ್ಮಕ್ಕಳು ಅಜ್ಜನ ಫೋನನ್ನು ಕಿವಿಗೆ ಹಚ್ಚಿ ಹಾಡು ಹಾಕಿಕೊಳ್ಳುವುದನ್ನು ನೋಡಿ ನಗಬೇಡಿ, ಕಸಿದುಕೊಳ್ಳಿ. ಬಾಪನ ಕಿವಿ ಹೋದದ್ದು ತರಂಗದಿಂದಲ್ಲ, ಇಂಜಿನ್ನಿನ ಸದ್ದಿನಿಂದ.

ಹೃದಯಕ್ಕೆ ಪೇಸ್‌ಮೇಕರ್ ಹಾಕಿದವರು ಫೋನನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು. ಅಂಗಿಯ ಎದೆಯ ಜೇಬಿನಲ್ಲಿ ಇಡಬಾರದು, ಪೇಸ್‌ಮೇಕರ್ ಇಲ್ಲದ ಬದಿಯ ಕಿವಿಯಿಂದ ಮಾತಾಡಬೇಕು. ಆಯಸ್ಕಾಂತ ಇರುವ ಕವರುಗಳಿಗೂ ಇದೇ ನಿಯಮ.

ವುಝೂ ಮತ್ತು ಶುಚಿ

ಶ್ರವಣ ಸಾಧನ ನೀರಿನ ವಸ್ತುವಲ್ಲ. ವುಝೂ ಮಾಡುವ ಮೊದಲು ತೆಗೆದು ಒಣ ಡಬ್ಬಿಯಲ್ಲಿಡಿ, ಹೌಝಿನ ಕಟ್ಟೆಯ ಮೇಲೆ ಇಡುವುದು ಬೇಡ, ಎಷ್ಟೋ ಜನ ಹಾಗೆ ಕಳೆದುಕೊಂಡಿದ್ದಾರೆ. ಕಿವಿ ಸವರಿದ ಮೇಲೆ ಕಿವಿಯ ಸುತ್ತ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹಾಕಿಕೊಳ್ಳಿ. ಒದ್ದೆ ಕಿವಿಗೆ ಅಚ್ಚು ತುರುಕಿದರೆ ಕರಾವಳಿಯ ಸೆಕೆಯಲ್ಲಿ ಒಳಗೆ ಬೂಸು ಬೆಳೆದು ತುರಿಕೆ, ನೋವು ಬರುತ್ತದೆ. ಆಗ ವಾರಗಟ್ಟಲೆ ಮಿಷನ್ ಹಾಕಲು ಆಗುವುದಿಲ್ಲ. ಮಳೆಗಾಲದಲ್ಲಿ ರಾತ್ರಿ ಸಾಧನವನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಅದರ ಗುಂಡಿಯಂಥ ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಮೀನು, ಸಿಮೆಂಟು, ಗ್ರೀಸು ಮುಟ್ಟಿದ ಕೈಯ ಫೋನು ಅದೇ ಕೊಳೆಯೊಂದಿಗೆ ಕಿವಿ, ಕೆನ್ನೆಗೆ ತಾಗುತ್ತದೆ. ಫೋನ್ ಆಫ್ ಮಾಡಿ, ಮುಚ್ಚಳ ಭದ್ರವಾಗಿದೆಯೇ ನೋಡಿ, ಒದ್ದೆ ಬಟ್ಟೆಯಿಂದ ಒರೆಸಿ. ಸೋಪಿನ ನೀರಿನಲ್ಲಿ ಮುಳುಗಿಸಬೇಡಿ. ಸ್ಪೀಕರಿನ ಜಾಲರಿಯಲ್ಲಿ ಕೂತ ಕೊಳೆಯನ್ನು ಒಣಗಿದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತೆಗೆಯಿರಿ. ಫೋನಿನಲ್ಲಿ ದನಿ ಕಡಿಮೆಯಾಗಿದೆ ಎಂದು ಬಾಪ ದೂರುತ್ತಿದ್ದುದಕ್ಕೆ ಒಮ್ಮೆ ಅಲ್ಲಿ ಕೂತಿದ್ದ ಮೀನಿನ ಚಿಪ್ಪು ಕಾರಣವಾಗಿತ್ತು.

ಮಿಷನ್ ಇನ್ನೂ ತೆಗೆದುಕೊಳ್ಳದವರು ಅಂಗಡಿಯಲ್ಲಿ ಸಿಗುವ ಅಗ್ಗದ ಸದ್ದು ಹೆಚ್ಚಿಸುವ ಯಂತ್ರ ತರುವ ಬದಲು ಮೊದಲು ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಜಿಲ್ಲಾ ಆಸ್ಪತ್ರೆಗಳ ಕಿವಿ ಮೂಗು ಗಂಟಲು ವಿಭಾಗದಲ್ಲಿ ಕೇಳಿ. ಆದಾಯ ಕಡಿಮೆ ಇರುವವರಿಗೆ ಕೇಂದ್ರ ಸರಕಾರದ ಎಡಿಐಪಿ ಯೋಜನೆಯಲ್ಲಿ, ಬಡ ಹಿರಿಯ ನಾಗರಿಕರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣ ಸಾಧನ ಸಿಗುತ್ತದೆ. ಆಧಾರ್ ಕಾರ್ಡ್, ಆದಾಯ ಪ್ರಮಾಣಪತ್ರ ತೆಗೆದುಕೊಂಡು ಹೋಗಿ. ಹಿರಿಯರು ದಿನಾಲೂ ಬಳಸುವ ಫೋನನ್ನೂ ಜೊತೆಗೆ ಒಯ್ದು, ಸಾಧನ ಹೊಂದಿಸುವಾಗ ಅದರಲ್ಲೇ ಒಂದು ಕಾಲ್ ಮಾಡಿಸಿ ನೋಡಿ.